ಶುಟುವನ್ನು ಯಾರೂ ದ್ವೇಷಿಸಲಿಲ್ಲ

ನಟಿ ಕೊಂಕಣಾ ಸೇನ್ ಶರ್ಮಾ ನಿರ್ದೇಶಿಸಿದ ಮೊದಲ ಪೂರ್ಣಾವಧಿ ಚಿತ್ರ ‘ಎ ಡೆತ್ ಇನ್ ದ ಗಂಜ್’ 2016ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು, ಮರುವರ್ಷ ಜೂನ್‌ನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಿತು. ಒಬ್ಬ ಮನುಷ್ಯ ಒಳಗೊಳಗೇ ಕುಸಿಯುವುದನ್ನು ಇಷ್ಟು ಸಂಯಮದಿಂದ ತೋರಿಸಿದ ಭಾರತೀಯ ಚಿತ್ರವನ್ನು ನಾನು ಬೇರೆ ನೋಡಿಲ್ಲ.

ಕಾರಿನ ಡಿಕ್ಕಿಯ ಮುಂದೆ ನಿಂತ ಇಬ್ಬರು ಗಂಡಸರು ಶವವೊಂದನ್ನು ಅದರಲ್ಲಿ ಹೇಗೆ ಹಿಡಿಸುವುದೆಂದು ಮಾತನಾಡುವ ದೃಶ್ಯದಿಂದ ಚಿತ್ರ ಆರಂಭವಾಗಿ, ಅಲ್ಲಿಂದ ಒಂದು ವಾರ ಹಿಂದಕ್ಕೆ ಹೋಗುತ್ತದೆ. ಸಾವು ಖಚಿತವೆಂದು ಮೊದಲೇ ತಿಳಿದಿರುವುದರಿಂದ ಪ್ರತಿಯೊಂದು ನಗೆಯನ್ನೂ ಪ್ರತಿಯೊಂದು ಗೇಲಿಯನ್ನೂ ನಾವು ಅನುಮಾನದಿಂದ ನೋಡತೊಡಗುತ್ತೇವೆ. ಮುಕುಲ್ ಶರ್ಮಾ ಅವರ ಸಣ್ಣಕಥೆಯನ್ನು ಆಧರಿಸಿ ಅವರ ಮಗಳು ಮಾಡಿದ ಈ ಚಿತ್ರ 1970ರ ದಶಕದ ಕೊನೆಯಲ್ಲಿ, ಆಗ ಬಿಹಾರಕ್ಕೆ ಸೇರಿದ್ದ, ಈಗ ಜಾರ್ಖಂಡ್‌ನಲ್ಲಿರುವ ಮೆಕ್‌ಕ್ಲಸ್ಕಿಗಂಜ್‌ನಲ್ಲಿ ನಡೆಯುತ್ತದೆ. ಆಂಗ್ಲೋ ಇಂಡಿಯನ್ನರು 1930ರ ದಶಕದಲ್ಲಿ ತಮ್ಮದೇ ಊರೆಂದು ಕಟ್ಟಿಕೊಂಡು, ಕಾಲಕ್ರಮದಲ್ಲಿ ಹೆಚ್ಚಿನವರು ಬಿಟ್ಟುಹೋದ ನೆಲೆ ಅದು.

ಆ ಊರಿನ ಬಂಧುಗಳ ಮನೆಗೆ ರಜೆಗೆಂದು ಬಂದ ಶುಟು ತಂದೆಯನ್ನು ಕಳೆದುಕೊಂಡವನು. ಪರೀಕ್ಷೆಯಲ್ಲಿ ಫೇಲಾದ ಸಂಗತಿಯನ್ನು ಮುಚ್ಚಿಟ್ಟುಕೊಂಡವನು. ವಿಕ್ರಾಂತ್ ಮಾಸ್ಸಿ ಈ ಪಾತ್ರವನ್ನು ಮಾತಿಗಿಂತ ಹೆಚ್ಚಾಗಿ ಭುಜ ಮತ್ತು ಕಣ್ಣುಗಳಿಂದ ಕಟ್ಟಿದ್ದಾರೆ. ಮನೆಯವರೆಲ್ಲ ಅವನನ್ನು ಪ್ರೀತಿಯಿಂದಲೇ ಕರೆಯುತ್ತಾರೆ, ಕರೆದು ಕೆಲಸ ಹೇಳುತ್ತಾರೆ, ಸತ್ತವರ ಆತ್ಮವನ್ನು ಕರೆಯುವ ಪ್ಲಾಂಚೆಟ್ ಆಟದಲ್ಲಿ ಹೆದರಿಸಿ ನಗುತ್ತಾರೆ, ಕಬಡ್ಡಿಯಲ್ಲಿ ಗಂಡಸುತನದ ಹೆಸರಿನಲ್ಲಿ ನೆಲಕ್ಕೆ ಕೆಡಹುತ್ತಾರೆ. ‘ತಮಾಷೆಗೆ ಮಾಡಿದ್ದಪ್ಪ, ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಎನ್ನುವ ನಮ್ಮ ಬಂಧುಬಳಗದ ಮಾತನ್ನು ಕೇಳಿ ಬೆಳೆದ ಯಾರಿಗೂ ಈ ದೃಶ್ಯಗಳು ಹೊರಗಿನವೆನಿಸಲಾರವು. ಕಾಣೆಯಾದ ಪುಟ್ಟ ಹುಡುಗಿಯನ್ನು ಹುಡುಕಲು ಹೋಗಿ ಶುಟು ಗುಂಡಿಗೆ ಬಿದ್ದಾಗ, ಹುಡುಗಿ ಸಿಕ್ಕ ಸಂತೋಷದಲ್ಲಿ ಅವನು ಮರೆತೇಹೋಗುತ್ತಾನೆ. ನನ್ನನ್ನು ಅತಿ ಹೆಚ್ಚು ಕಲಕಿದ್ದು ಈ ಮರೆವು, ಏಕೆಂದರೆ ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಬೆಂಗಳೂರಿನವರೇ ಆದ ಗುಲ್ಶನ್ ದೇವಯ್ಯ ನಿರ್ವಹಿಸಿದ, ಆ ಹುಡುಗಿಯ ತಂದೆ ನಂದು ಕೂಡ ದುಷ್ಟನಲ್ಲ, ತನ್ನ ಸಂಸಾರದ ಆಚೆಗೆ ದೃಷ್ಟಿ ಹಾಯಿಸದ ಸಾಧಾರಣ ಮನುಷ್ಯ.

ಶುಟುವಿನ ಸ್ಥಿತಿಗೆ ಚಿತ್ರ ಯಾವ ಕಾಯಿಲೆಯ ಹೆಸರನ್ನೂ ಕೊಡುವುದಿಲ್ಲ. ವೈದ್ಯರನ್ನು ಕರೆಸಿ ನಮಗೆ ವಿವರಣೆ ಕೊಡಿಸುವುದೂ ಇಲ್ಲ. ಹೊಸ ನಿರ್ದೇಶಕರು ಪ್ರೇಕ್ಷಕರನ್ನು ನಂಬಲು ಅಂಜಿ ಎಲ್ಲವನ್ನೂ ಮಾತಿನಲ್ಲಿ ಹೇಳಿಸಿಬಿಡುವುದೇ ಹೆಚ್ಚು. ಕೊಂಕಣಾ ಅವರು ಹಾಗೆ ಮಾಡಲಿಲ್ಲವೆಂಬುದಕ್ಕಾಗಿಯೇ ಅವರಿಗೆ ಸಂದ ಅತ್ಯುತ್ತಮ ಚೊಚ್ಚಲ ನಿರ್ದೇಶನದ ಫಿಲ್ಮ್‌ಫೇರ್ ಪ್ರಶಸ್ತಿ ನ್ಯಾಯವಾದುದೆಂದು ನಾನು ಭಾವಿಸುತ್ತೇನೆ.

ನನ್ನ ತಕರಾರು ಒಂದೇ. ಆ ಮನೆಯಲ್ಲಿ ದುಡಿಯುವ ಸ್ಥಳೀಯ ದಂಪತಿಯೂ ಶುಟುವಿನಂತೆಯೇ ಯಾರ ಕಣ್ಣಿಗೂ ಬೀಳದವರು. ಚಿತ್ರ ಅವರನ್ನು ಗುರುತಿಸುತ್ತದೆಯಾದರೂ ಅವರ ಬಳಿ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ.