ಒಂದೇ ಕೀಬೋರ್ಡು, ಇಬ್ಬರ ಕುಸ್ತಿ

ಇಂಗ್ಲೆಂಡಿನಲ್ಲಿ ಐವತ್ತರ ಆಸುಪಾಸಿನ ಗಂಡಸರ ಜೊತೆ ಮಾತು ಮುಂದೆ ಹೋಗದಿದ್ದರೆ ಒಂದು ಉಪಾಯ ಇದೆ. "ನಿಮ್ಮ ಮನೇಲಿ ಸ್ಪೆಕ್ಟ್ರಮ್ ಇತ್ತಾ, ಕಮೊಡೋರ್ ಇತ್ತಾ?" ಅಂತ ಕೇಳಿ, ಸಾಕು. ನಮ್ಮ ಶಾಲೆಗಳಲ್ಲಿ ರಾಜ್‌ಕುಮಾರ್ ಪಾರ್ಟಿ, ವಿಷ್ಣು ಪಾರ್ಟಿ ಅಂತ ಇರುತ್ತಿತ್ತಲ್ವಾ, ಹಾಗೆ ಇವರಿಗೆ ಕಂಪ್ಯೂಟರ್ ಪಾರ್ಟಿ. ಎರಡೂ ಮನೆಯಲ್ಲಿ ಇಟ್ಟುಕೊಳ್ಳುವ ಕಂಪ್ಯೂಟರ್‌ಗಳು, 1982ರವು. ಜಗಳ ಇನ್ನೂ ಮುಗಿದಿಲ್ಲ.

ಅದರಲ್ಲೂ ಕರಾಟೆ ಆಟಗಳ ವಿಷಯ ಬಂದರೆ ನನ್ನ ಸಹೋದ್ಯೋಗಿಯೊಬ್ಬರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. 1985ರಲ್ಲಿ 'ದಿ ವೇ ಆಫ್ ದಿ ಎಕ್ಸ್‌ಪ್ಲೋಡಿಂಗ್ ಫಿಸ್ಟ್' ಬಂತು. ಹೆಸರು ಕೇಳಿದರೆ ಚೀನಾದ್ದೋ ಜಪಾನಿನದ್ದೋ ಅನ್ನಬೇಕು, ಮಾಡಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಮಾರನೇ ವರ್ಷ ಆರ್ಚರ್ ಮೆಕ್ಲೀನ್ ಅವರ 'ಇಂಟರ್‌ನ್ಯಾಷನಲ್ ಕರಾಟೆ', ರಾಬ್ ಹಬರ್ಡ್ ಸಂಗೀತದ ಜೊತೆ. 1987ರಲ್ಲಿ ಅದರ ಮುಂದಿನ ಆಟ. ಅದರಲ್ಲಿ ಒಟ್ಟಿಗೆ ಮೂವರು ಹೊಡೆದಾಡುತ್ತಾರೆ. ಒಂದು ಕೀ ಒತ್ತಿದರೆ ಮೂವರ ಪ್ಯಾಂಟೂ ಕಳಚಿ ಬೀಳುತ್ತದೆ! ಇದನ್ನು ಹೇಳುವಾಗ ಈ ಮನುಷ್ಯನಿಗೆ ಈಗಲೂ ನಗು ತಡೆಯೋಕೆ ಆಗಲ್ಲ.

ನನಗೆ ನಿಜಕ್ಕೂ ಆಶ್ಚರ್ಯ ಆಗಿದ್ದು ಆ ಜಾಯ್‌ಸ್ಟಿಕ್ ನೋಡಿ. ಇರುವುದು ಒಂದೇ ಬಟನ್. ಕೋಲನ್ನು ಎಂಟು ದಿಕ್ಕಿಗೆ ತಿರುಗಿಸಬಹುದು. ಬಟನ್ ಬಿಟ್ಟು ತಿರುಗಿಸಿದರೆ ಎಂಟು, ಒತ್ತಿ ಹಿಡಿದು ತಿರುಗಿಸಿದರೆ ಇನ್ನೆಂಟು. ನಡಿಗೆ, ಜಿಗಿತ, ಗುದ್ದು, ಒದೆ ಎಲ್ಲ ಇಷ್ಟರಲ್ಲೇ ಆಗಬೇಕು. ಬೆರಳಿಗೆ ಬೊಬ್ಬೆ ಬರದೇ ಇರುತ್ತಾ?

ಒಂದರ ಹಾಗೆ ಇನ್ನೊಂದು ಇದ್ದ ಆಟಗಳು ಕೋರ್ಟಿಗೂ ಹೋದವು. 'ಕರಾಟೆ ಚಾಂಪ್' ಅನ್ನುವ ಆಟದ ಡೇಟಾ ಈಸ್ಟ್ ಕಂಪನಿ, 'ಇಂಟರ್‌ನ್ಯಾಷನಲ್ ಕರಾಟೆ'ಯನ್ನು ಬೇರೆ ಹೆಸರಲ್ಲಿ ಅಮೆರಿಕದಲ್ಲಿ ಮಾರಿದ ಎಪಿಕ್ಸ್ ಮೇಲೆ ಕೇಸು ಹಾಕಿತ್ತು. 1988ರಲ್ಲಿ ಮೇಲ್ಮನವಿಯಲ್ಲಿ ಎಪಿಕ್ಸ್ ಗೆದ್ದಿತು. ಕರಾಟೆಯ ಪಟ್ಟುಗಳು ಕರಾಟೆಗೇ ಸೇರಿದವು, ಒಂದು ಕಂಪನಿಯ ಸ್ವತ್ತಲ್ಲ ಅನ್ನುವುದು ಅದರ ತಿರುಳು. ಒಳ್ಳೇ ತೀರ್ಪು.

ಇವರಿಗೆ ಇಷ್ಟೆಲ್ಲ ಹೆಸರು, ಇಸವಿ ಹೇಗೆ ನೆನಪಿದೆ? ಕ್ಯಾಸೆಟ್ಟನ್ನು ಪಾಕೆಟ್ ಮನಿ ಕೂಡಿಸಿ ಕೊಂಡಿದ್ದಾರೆ. ಟೇಪ್ ರೆಕಾರ್ಡರ್‌ನಿಂದ ಆಟ ಲೋಡ್ ಆಗಲು ನಾಲ್ಕೈದು ನಿಮಿಷ ಬೇಕು. ಅಷ್ಟು ಹೊತ್ತು ಆ ಕಿರ್ರ್ ಸದ್ದು ಕೇಳುತ್ತಾ ಕವರ್ ಓದುತ್ತಾ ಕೂತಿದ್ದಾರೆ. ಮಾಡಿದವರ ಹೆಸರು ಬಾಯಿಪಾಠ ಆಗದೆ ಏನಾಗುತ್ತೆ.

ನಮ್ಮದು ಬೇರೆ ಕಥೆ. ನಾನು ಬೆಳೆದ ದಾವಣಗೆರೆಯಲ್ಲಿ, ತೊಂಬತ್ತರ ದಶಕದಲ್ಲಿ, ಕಂಪ್ಯೂಟರ್ ಅಂದರೆ ಗೆಳೆಯನ ಅಣ್ಣನ ಡಿಟಿಪಿ ಅಂಗಡಿಯಲ್ಲಿದ್ದದ್ದು. ಹಗಲೆಲ್ಲ ಅದರಲ್ಲಿ ಲಗ್ನಪತ್ರಿಕೆ. ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ 'ಮೋರ್ಟಲ್ ಕಾಂಬ್ಯಾಟ್'. ಆಟ ಬಂದದ್ದು ಯಾರದೋ ಫ್ಲಾಪಿಗಳಲ್ಲಿ. ನಡುವಿನ ಒಂದು ಫ್ಲಾಪಿ ಕೈಕೊಟ್ಟರೆ ಎಲ್ಲ ಹೋಯ್ತು. ಡಬ್ಬಿ ಇಲ್ಲ, ಮ್ಯಾನುಯಲ್ ಇಲ್ಲ, ಮಾಡಿದವರು ಯಾರು ಅಂತ ಕೇಳಿದವರೂ ಇಲ್ಲ. ಆಟದಲ್ಲಿನ ಸ್ಕಾರ್ಪಿಯನ್ ಅನ್ನುವ ಪಾತ್ರ ಈಟಿ ಎಸೆಯಲು "ಹಿಂದೆ, ಹಿಂದೆ, ಗುದ್ದು" ಅಂತ ಯಾರದೋ ಮದುವೆಯ ಪ್ರೂಫ್ ಹಾಳೆಯ ಬೆನ್ನಿಗೆ ಬರೆದು ಗೋಡೆಗೆ ಅಂಟಿಸಿದ್ದೆವು.

ಜಾಯ್‌ಸ್ಟಿಕ್ ಎಲ್ಲಿಂದ ಬರಬೇಕು? ಇಬ್ಬರಿಗೂ ಒಂದೇ ಕೀಬೋರ್ಡು, ಮೊಣಕೈಗೆ ಮೊಣಕೈ ತಾಗಿಸಿಕೊಂಡು. ಆ ಕೀಬೋರ್ಡುಗಳಲ್ಲಿ ಕೀಗಳ ತಂತಿಗಳು ಅಡ್ಡ ಸಾಲು, ಉದ್ದ ಸಾಲಾಗಿ ಹಂಚಿಕೊಂಡಿರುತ್ತವೆ. ಹಾಗಾಗಿ ಕೆಲವು ಕೀಗಳನ್ನು ಒಟ್ಟಿಗೆ ಒತ್ತಿದರೆ ಮುಂದಿನ ಕೀ ಅದಕ್ಕೆ ಗೊತ್ತೇ ಆಗಲ್ಲ. ಈ ವಿಜ್ಞಾನ ನಮಗೆ ಗೊತ್ತಿರಲಿಲ್ಲ, ಉಪಯೋಗ ಗೊತ್ತಿತ್ತು. ಮೂರು ಕೀ ಗಟ್ಟಿಯಾಗಿ ಹಿಡಿದು ಕೂತರೆ ಎದುರಾಳಿ ಕಂಬದ ಹಾಗೆ ನಿಂತುಬಿಡುತ್ತಿದ್ದ. "ಲೋ, ಕೈ ತೆಗಿಯೋ!" ಅಂತ ಹಿಂದಿನಿಂದ ತಲೆಗೊಂದು ಏಟು ಬೀಳುತ್ತಿತ್ತು. ಸೋತವನು ಏಳಬೇಕು, ಮುಂದಿನವನು ಕೂರಬೇಕು.

ಇದನ್ನು ಹೇಳಿದಾಗ ಸಹೋದ್ಯೋಗಿ ಕೇಳಿದ್ದು ಒಂದೇ: "ಹಿಂದೆ ನಿಂತವರು ಯಾರು?" ಅವರ ಕೋಣೆಯಲ್ಲಿ ಇಬ್ಬರು ಆಡಿದರೆ ಇದ್ದದ್ದು ಇಬ್ಬರೇ, ಅವರು ಮತ್ತು ತಮ್ಮ. ತಮ್ಮ ಮುನಿಸಿಕೊಂಡರೆ ಕಂಪ್ಯೂಟರ್ ಜೊತೆಗೇ ಆಟ. ನಮ್ಮಲ್ಲಿ ಆಡುವವರು ಇಬ್ಬರಾದರೆ ಕಾಯುವವರು ಆರು ಜನ. ಮಜಾ ಜಾಸ್ತಿ ಇದ್ದದ್ದು ಕಾಯುವುದರಲ್ಲೇ ಅನ್ನುವುದು ನನ್ನ ವಾದ. ಅವರು ಒಪ್ಪಲ್ಲ.

ಆದರೆ ಉಳಿಸಿಕೊಳ್ಳುವುದರಲ್ಲಿ ಇವರನ್ನು ಮೀರಿಸೋಕಾಗಲ್ಲ. ಕೇಂಬ್ರಿಡ್ಜ್‌ನಲ್ಲಿ ಕಂಪ್ಯೂಟರ್ ಚರಿತ್ರೆಗೇ ಒಂದು ಮ್ಯೂಸಿಯಂ ಇದೆ. ಗಾಜಿನ ಹಿಂದೆ ಇಟ್ಟು ಪೂಜೆ ಮಾಡದೆ, ಹಳೇ ಯಂತ್ರಗಳನ್ನು ಮುಟ್ಟಿ ಆಡಲು ಬಿಡುತ್ತಾರೆ. ನಮ್ಮ ಡಿಟಿಪಿ ಯಂತ್ರ? ಗುಜರಿಗೆ ಹೋಯ್ತು, ಕೆಜಿ ಲೆಕ್ಕದಲ್ಲಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆಯಲ್ಲ, ಅಲ್ಲಿ ಒಂದು ಮೂಲೆ ಕೊಟ್ಟರೂ ಸಾಕು. ಹಳದಿ ತಿರುಗಿದ ಒಂದು ಡಾಸ್ ಪಿಸಿ, ಒಂದು ಕೀಬೋರ್ಡು, ಎರಡು ಸ್ಟೂಲು, ಹಿಂದೆ ನಿಂತು ಕೂಗುವವರಿಗೆ ಒಂದಿಷ್ಟು ಜಾಗ. ಜಾಯ್‌ಸ್ಟಿಕ್ ಮಾತ್ರ ದಯವಿಟ್ಟು ಇಡಬೇಡಿ.