ಇಪ್ಪತ್ತು ತಲೆಗೆ ಒಂದು ಸಂಬಳ

ಜ್ಯೇಷ್ಠದಲ್ಲಿ ದೇಹು, ಆಳಂದಿಗಳಿಂದ ಪಾಲಖಿಗಳು ಹೊರಟು ಪಂಢರಪುರದ ದಾರಿ ಹಿಡಿಯುತ್ತವೆ. ಅದೇ ಹೊತ್ತಿಗೆ ಪುಣೆಯಿಂದ ಇನ್ನೊಂದು ವಾರಿಯೂ, ಅಂದರೆ ಪಾದಯಾತ್ರೆಯೂ, ಹೊರಡುತ್ತದೆ. ಇದಕ್ಕೆ ತಾಳವಿಲ್ಲ, ಮೃದಂಗವಿಲ್ಲ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕಂಕುಳಲ್ಲಿ ಬ್ರೋಷರ್ ಕಟ್ಟು. ಇವರು ಖಾಸಗಿ ವಿಶ್ವವಿದ್ಯಾಲಯಗಳ ಆಟೊಮೋಟಿವ್ ವಿಭಾಗದ ಪ್ರಾಧ್ಯಾಪಕರು. ವಾರಕರಿಗಳಿಗೆ ಪಂಢರಪುರದಲ್ಲಿ ದರ್ಶನ ಸಿಕ್ಕರೆ ಮುಗಿಯಿತು. ಇವರು ಸೊಲ್ಲಾಪುರ ದಾಟಿ ವಿಜಯಪುರ, ಕಲಬುರಗಿವರೆಗೂ ನಡೆಯಬೇಕು, ಪಿಯುಸಿ ಪಾಸಾದ ಹುಡುಗನೊಬ್ಬ ದರ್ಶನ ಕೊಡುವ ತನಕ.

20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಇರಬೇಕು ಎನ್ನುತ್ತದೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ನಿಯಮ. ಮ್ಯಾನೇಜ್‌ಮೆಂಟಿನವರು ಅದನ್ನು ಓದಿಕೊಂಡ ರೀತಿಯೇ ಬೇರೆ: ಒಬ್ಬ ಅಧ್ಯಾಪಕ 20 ತಲೆ ಹಿಡಿದು ತರಬೇಕು, ಆಮೇಲೆ ಸಂಬಳದ ಮಾತು. ನನಗೆ ಪರಿಚಯದ ಬೆಳಗಾವಿ ಕಡೆಯ ಸರ್ ಒಬ್ಬರು ಡೀಸೆಲ್ ಎಂಜಿನ್ ಮೇಲೆ ಪಿಎಚ್.ಡಿ. ಮಾಡಿದವರು. ಇಂಟರ್‌ವ್ಯೂನಲ್ಲಿ ಡೀಸೆಲ್ ಬಗ್ಗೆ ಯಾರೂ ಕೇಳಲಿಲ್ಲವಂತೆ. 'ಕಾನಡಿ ಯೇತೆ ಕಾ?' ಎಂದರು, ಕನ್ನಡ ಬರುತ್ತದೆಯೇ ಅಂತ. ಇವರು ಹೂಂ ಎಂದರು. ಅಲ್ಲಿಗೆ ಗಡಿಭಾಗದ ಉಸ್ತುವಾರಿ ಇವರ ಕೊರಳಿಗೆ ಬಿತ್ತು. ಪುಣೆಯಲ್ಲಿ ಕನ್ನಡಕ್ಕೆ ಬೆಲೆಯಿಲ್ಲ ಎಂದು ಕೊರಗುವವರು ಜೂನ್ ತಿಂಗಳಲ್ಲೊಮ್ಮೆ ಬಂದು ನೋಡಬೇಕು. ಇಲ್ಲಿಯ ಕನ್ನಡಿಗರ ಕಾರ್ಯಕ್ರಮಕ್ಕೆ ಹೋದರೂ ಅಷ್ಟೆ, ಕೋಸಂಬರಿಗಿಂತ ಮೊದಲು ಕೈಗೆ ಬರುವುದು ಬ್ರೋಷರು.

ಬ್ರೋಷರು ಚೆನ್ನಾಗಿರುತ್ತದೆ, ಸುಳ್ಳು ಹೇಳಬಾರದು. ಬಿಳಿ ಕೋಟಿನ ಹುಡುಗಿ ಕಣ್ಣಿಗೆ ವಿಆರ್ ಕನ್ನಡಕ ಹಾಕಿಕೊಂಡು ಗಾಳಿಯಲ್ಲಿ ಏನನ್ನೋ ಮುಟ್ಟುತ್ತಿರುತ್ತಾಳೆ. ಕೆಳಗೆ 'ಚಾಕಣ್‌ನಿಂದ ಕೇವಲ ಅರ್ಧ ಗಂಟೆ.' ಪಿಂಪರಿಯಲ್ಲಿ ಟಾಟಾ, ಆಕುರ್ಡಿಯಲ್ಲಿ ಬಜಾಜ್, ಚಾಕಣ್‌ನಲ್ಲಿ ಮರ್ಸಿಡಿಸ್, ಫೋಕ್ಸ್‌ವ್ಯಾಗನ್. ಗಾಡಿಗಳನ್ನು ಪರೀಕ್ಷಿಸುವ, 1966ರಲ್ಲಿ ಹುಟ್ಟಿದ ಎಆರ್‌ಎಐ ಸಂಸ್ಥೆಯೂ ಪುಣೆಯಲ್ಲೇ ಇದೆ. ಇವರೆಲ್ಲ ಇರುವ ಊರಿನಲ್ಲಿ ತಾನೂ ಇದ್ದೇನೆ ಎಂಬುದೇ ಕಾಲೇಜಿನ ಅರ್ಹತೆ. ಇಂಡಸ್ಟ್ರಿಯಲ್ ವಿಸಿಟ್ ಎಂದರೆ ಗೇಟಿನ ಮುಂದೆ ಗ್ರೂಪ್ ಫೋಟೊ. 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಎಂದು ಹಣೆಯಗಲ ಅಕ್ಷರ, ಅದರ ಮಗ್ಗುಲಲ್ಲಿ ಇರುವೆಯ ಗಾತ್ರದಲ್ಲಿ 'ಅಸಿಸ್ಟೆನ್ಸ್'.

ವಿಭಾಗದ ಬೋರ್ಡಿನ ಮೇಲೆ ಮೊದಲು ಆಟೊಮೊಬೈಲ್ ಎಂದಿತ್ತು. ಹುಡುಗರು ಬರಲಿಲ್ಲ, ಆಟೊಮೋಟಿವ್ ಟೆಕ್ನಾಲಜಿ ಆಯಿತು. ಆಗಲೂ ಬರಲಿಲ್ಲ. ಈಗ 'ಎಐ, ಇವಿ ಮತ್ತು ಸ್ಮಾರ್ಟ್ ಮೊಬಿಲಿಟಿ'. ಬೋರ್ಡಿನ ಹಿಂದೆ ಬಾಗಿಲು ಅದೇ, ಸರ್ ಅವರೇ, ಕತ್ತರಿಸಿಟ್ಟ ಪ್ರೀಮಿಯರ್ ಪದ್ಮಿನಿಯ ಎಂಜಿನ್ನೂ ಅದೇ. 2020ರ ಏಪ್ರಿಲ್ 1ಕ್ಕೆ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದು ಹೊಸ ಬೈಕುಗಳಿಂದಲೂ ಕಾರ್ಬ್ಯುರೇಟರ್ ಹೆಚ್ಚೂಕಡಿಮೆ ಮಾಯವಾಯಿತು. ವೈವಾದಲ್ಲಿ ಮಾತ್ರ ಇನ್ನೂ ಅದರ ಚಿತ್ರ ಬರೆಸುತ್ತಾರೆ. ಇವಿ ಲ್ಯಾಬಿನಲ್ಲಿ ಎಲೆಕ್ಟ್ರಿಕ್ ಮೋಟಾರು ಇಲ್ಲವೆನ್ನುವಂತಿಲ್ಲ, ಮೇಲೆ ಫ್ಯಾನು ತಿರುಗುತ್ತಿದೆ.

ಇಷ್ಟಾದರೂ ಸೇರಿದವರು ನಾಲ್ಕು ವರ್ಷ ಮುಗಿಸಿ ಚಾಕಣ್‌ನ ಬಸ್ಸು ಬಿಟ್ಟು ಐಟಿ ಕಂಪನಿಗಳಿರುವ ಹಿಂಜವಡಿಯ ಬಸ್ಸು ಹತ್ತುತ್ತಾರೆ, ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ಟೆಸ್ಟ್ ಮಾಡಲು. ಕಾಲೇಜು ಅದನ್ನೂ ತನ್ನ ಲೆಕ್ಕಕ್ಕೆ ಬರೆದುಕೊಂಡು ಫ್ಲೆಕ್ಸ್ ಕಟ್ಟುತ್ತದೆ.

ಸರ್ ಈ ಸಲ ಭೋಸರಿಯಲ್ಲಿ ಇಂಡಿ ಕಡೆಯ ಒಬ್ಬರ ಗ್ಯಾರೇಜಿಗೂ ಹೋಗಿದ್ದರು. ಗಾಡಿ ಗೇಟಿನೊಳಗೆ ಬರುವ ಮೊದಲೇ ಸದ್ದು ಕೇಳಿ ರೋಗ ಹೇಳುವ ಮನುಷ್ಯ. ಮಗ ಹನ್ನೆರಡನೇ ಇಯತ್ತೆ ಪಾಸಾಗಿದ್ದ.

'ನಿಮ್ಮ ಕೋರ್ಸಿಗೆ ಹಾಕಿದ್ರ ಹುಡುಗ ಗಾಡಿ ಬಿಚ್ಚಬೇಕಾಗ್ತದೇನ್ರಿ ಸರ? ನಂದು ಆಯ್ತು, ಅವನ ಕೈಗೆ ಗ್ರೀಸ್ ಹತ್ತಬಾರದು ನೋಡ್ರಿ.'

'ಛೇ ಛೇ, ನಾಕು ವರ್ಷ ಪಾನಾ ಸೈತ ಮುಟ್ಟೂದಿಲ್ಲ. ಎಲ್ಲಾ ಸಿಮ್ಯುಲೇಶನ್.'

ಮಾಲೀಕರ ಮುಖ ಅರಳಿತು. ಫೀ ಕೇಳಿದರು. ಕೇಳಿ ಸ್ವಲ್ಪ ಹೊತ್ತು ಕೈ ಒರೆಸಿಕೊಳ್ಳುತ್ತ ನಿಂತರು.

'ಇಷ್ಟು ರೊಕ್ಕಾ ಕೊಟ್ಟು ಗಾಡಿ ಮುಟ್ಟದಂಗ ಇರೂದಾದ್ರ ಕಂಪ್ಯೂಟರ್‌ಗೇ ಹಾಕ್ತೀನಲ್ರಿ ಸರ.'

ಪಿಎಚ್.ಡಿ.ಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಸರ್ ಬ್ರೋಷರು ಮಡಚಿ ಎದ್ದಾಗ ಮಾಲೀಕರೇ ಕನಿಕರದಿಂದ ಕರೆದರು: 'ನನಗ ಕೆಲಸಕ್ಕ ಇಬ್ರು ಹುಡುಗ್ರು ಬೇಕಾಗ್ಯಾರ. ನಿಮ್ಮ ಕಡೆ ಪಾಸಾದವ್ರು ಇದ್ರ ಕಳಸ್ರಿ. ಐಟಿಐ ಆಗಿರಬೇಕು ಮತ್ತ.'

ಸಂಜೆಯ ವರದಿಯಲ್ಲಿ ಸರ್ ಇದ್ದದ್ದನ್ನು ಇದ್ದಂತೆ ಬರೆದರು: ಅಡ್ಮಿಶನ್ ಸೊನ್ನೆ, ಇಬ್ಬರಿಗೆ ಕೆಲಸ ಖಾಲಿ. ಮ್ಯಾನೇಜ್‌ಮೆಂಟಿಗೆ ಎರಡನೆಯದು ಬಹಳ ಹಿಡಿಸಿತು. ಹೊಸ ಬ್ರೋಷರಿನ 'ನಮ್ಮ ಇಂಡಸ್ಟ್ರಿ ಪಾರ್ಟ್‌ನರ್‌ಗಳು' ಪುಟದಲ್ಲಿ ಭೋಸರಿಯ ಆ ಗ್ಯಾರೇಜು ಈಗ ಜರ್ಮನ್ ಕಾರುಗಳ ಪಕ್ಕದಲ್ಲೇ ಕೂತಿದೆ.