ಖರಾಬು ಅಂತ ಹೆಸರಿಟ್ಟವರು ಯಾರು?

ಹೋದ ತಿಂಗಳು ಮಾಲೂರು ಕಡೆ ಅಮ್ಮನ ಊರಿಗೆ ಹೋಗಿದ್ದೆ. ಮಾವ ನೀಲಗಿರಿ ತೋಪು ತೆಗೆಸುತ್ತಿದ್ದರು. ಮರ ಕಡಿಯೋದು ಬೇಗ ಆಗುತ್ತೆ, ಬುಡ ಕೀಳೋದೇ ಗೋಳು. ಜೆಸಿಬಿ ಹಲ್ಲು ಬೇರಿಗೆ ಸಿಕ್ಕಿಕೊಂಡು ಗಾಡಿಯೇ ಮುಂದಕ್ಕೆ ವಾಲುತ್ತಿತ್ತು. ಗಂಟೆ ಲೆಕ್ಕದ ಬಾಡಿಗೆ ನೋಡಿ, ಮಾವ ಬುಡಕ್ಕಿಂತ ವಾಚನ್ನೇ ಜಾಸ್ತಿ ನೋಡುತ್ತಿದ್ದರು. ಬದುವಿನ ಮೇಲೆ ಕೂತಿದ್ದ ಅಜ್ಜಿ, "ಹಾಕುವಾಗ ಸಸಿಗೆ ಕಾಸೇ ಕೇಳಲಿಲ್ಲ ಕಣಪ್ಪ. ಈಗ ಕೀಳೋಕೆ ನೋಡು" ಅಂದರು.

ಆ ಸಸಿ ಎಲ್ಲಿಂದ ಬಂತು ಅನ್ನೋದು ದೊಡ್ಡ ಕಥೆ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಸರ್ಕಾರದ ದುಡ್ಡಿನಲ್ಲಿ ಕರ್ನಾಟಕಕ್ಕೆ 'ಸಾಮಾಜಿಕ ಅರಣ್ಯ' ಯೋಜನೆ ಬಂತು. ಹಳ್ಳಿಯವರಿಗೆ ಸೌದೆ ಸಿಗಲಿ, ದನಕ್ಕೆ ಮೇವು ಸಿಗಲಿ ಅಂತ. ಆದರೆ ನೆಟ್ಟಿದ್ದರಲ್ಲಿ ನೀಲಗಿರಿಯದೇ ಮೇಲುಗೈ. ಯಾಕೆ ಗೊತ್ತಾ? ಬೇಗ ಬೆಳೆಯುತ್ತೆ, ದನ, ಆಡು ಬಾಯಿ ಹಾಕಲ್ಲ, ಕಾವಲು ಬೇಡ. ಮೇವಿನ ಹೆಸರಿನ ಯೋಜನೆಗೆ ದನ ಮೂಸಿಯೂ ನೋಡದ ಮರ!

ಮಾವನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ರಾಗಿ ಬೆಳೆಯಬೇಕು ಅಂದರೆ ಉಳಬೇಕು, ಕುಂಟೆ ಹೊಡೆಯಬೇಕು, ಕಳೆ ಕೀಳಬೇಕು, ಮಳೆ ನಂಬಬೇಕು. ನೀಲಗಿರಿ ನೆಟ್ಟು ಬೆಂಗಳೂರಿಗೆ ಹೋದರೆ ಏಳೆಂಟು ವರ್ಷಕ್ಕೆ ಲಾರಿ ಬಂದು ದುಡ್ಡು ಕೊಟ್ಟು ಹೋಗುತ್ತೆ. ಭೂಮಿ ಇದ್ದವರಿಗೆ ಇದು ಲಾಭವೇ. ಕಳೆ ಕೀಳಲು ಬರುತ್ತಿದ್ದ ಹೆಂಗಸರ ಕೂಲಿ ಹೋಯಿತಲ್ಲ, ಅದು ಯಾವ ಲೆಕ್ಕದಲ್ಲಿದೆ? ನಮ್ಮ ಹೊಲಕ್ಕೆ ಬರುತ್ತಿದ್ದ ಇಬ್ಬರ ಮುಖ ನನಗೆ ಇನ್ನೂ ನೆನಪಿದೆ. ಸಸಿ ಎಣಿಸೋದು ಸುಲಭ, ತಪ್ಪಿದ ಕೂಲಿ ಎಣಿಸೋಕೆ ಯಾರು ಬರುತ್ತಾರೆ?

ಇನ್ನು ಊರಿನ ಗೋಮಾಳದ ವಿಷಯ. ಪಹಣಿ, ಅಂದರೆ ಜಮೀನಿನ ಸರ್ಕಾರಿ ದಾಖಲೆ, ನೋಡಿದವರಿಗೆ 'ಖರಾಬು' ಅನ್ನೋ ಪದ ಗೊತ್ತಿರುತ್ತೆ. ಸಾಗುವಳಿಗೆ ಬಾರದ, ಕಂದಾಯ ಹುಟ್ಟದ ನೆಲ. ಮಾತಿನ ಅರ್ಥ 'ಕೆಟ್ಟದ್ದು' ಅಂತಲೇ. ಸರ್ಕಾರದ ಬೊಕ್ಕಸಕ್ಕೆ ಏನೂ ಕೊಡದ್ದು ಕೆಟ್ಟದ್ದು! ಆ ಕೆಟ್ಟ ನೆಲದಲ್ಲೇ ಊರಿನ ಕುರಿ ಮೇಯುತ್ತಿದ್ದವು. ಭೂಮಿ ಇಲ್ಲದವರು ಸೌದೆ ಆಯುತ್ತಿದ್ದರು, ಹೊಂಗೆ ಬೀಜ ಗುಡಿಸಿ ತಂದು ಮಾರುತ್ತಿದ್ದರು.

1949ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಅಧಿಕಾರ ಸ್ವೀಕರಿಸುವ ಭಾಷಣದಲ್ಲಿ 'ಅಭಿವೃದ್ಧಿ ಆಗದ ಪ್ರದೇಶಗಳಿಗೆ' ನೆರವು ಕೊಡುವ ಮಾತಾಡಿದರು. ನನಗೆ ಅದು ಇಡೀ ಜಗತ್ತಿನ ಪಹಣಿ ಬರೆದ ಹಾಗೆ ಕಾಣುತ್ತೆ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಎಲ್ಲ ಖರಾಬು ಕಾಲಮ್ಮಿಗೆ. ಇವರ ಹತ್ತಿರ ಏನಿದೆ ಅಂತ ಕೇಳೋದಕ್ಕಿಂತ ಮೊದಲೇ ಏನಿಲ್ಲ ಅನ್ನೋ ಪಟ್ಟಿ ರೆಡಿ. ಆಸ್ಪತ್ರೆ, ರಸ್ತೆ, ಲಸಿಕೆ ಬೇಡ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಕಾಮೆಂಟಿನಲ್ಲಿ ಅದನ್ನು ಎತ್ತಬೇಡಿ. ಪಟ್ಟಿ ಬರೆಯುವ ಪೆನ್ನು ಯಾರ ಕೈಯಲ್ಲಿದೆ ಅನ್ನೋದಷ್ಟೇ ನನ್ನ ತಕರಾರು.

ನಮ್ಮವರು ಆ ಪೆನ್ನು ಕಿತ್ತುಕೊಂಡದ್ದೂ ಇದೆ. 1983ರಲ್ಲಿ ತುಮಕೂರು ಕಡೆ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ, ಮಾವಿನ ಬೀಜ ಹಾಕಿದರು. ಆಮೇಲೆ ಧಾರವಾಡ ಸೀಮೆ. ಅಲ್ಲಿ ಸರ್ಕಾರ ಮತ್ತು ಮರದ ತಿರುಳು ತಯಾರಿಸುವ ಹರಿಹರದ ಪಾಲಿಫೈಬರ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಕಂಪನಿ ಮಾಡಿಕೊಂಡು, ಸುಮಾರು 30,000 ಹೆಕ್ಟೇರ್ ನೆಲದಲ್ಲಿ ನೀಲಗಿರಿ ಬೆಳೆಸಲು ಹೊರಟಿದ್ದವು. ಜನ ದನ ಮೇಯಿಸುತ್ತಿದ್ದ ನೆಲ ಅದು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸಾಂಕೇತಿಕವಾಗಿ ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲೇ ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ, ಅಂದರೆ ಕೀಳು, ನೆಡು. 1991ರಲ್ಲಿ ಕಂಪನಿಯನ್ನೇ ಮುಚ್ಚಬೇಕಾಯಿತು.

ಆ ಹೆಸರಿನಲ್ಲಿ ನನಗೆ ಇಷ್ಟವಾಗೋದು ಎರಡನೇ ಪದ. ಹಚ್ಚಿಕೋ. ಬೇಡ ಅಂದವರಿಗೆ ಏನು ಬೇಕು ಅನ್ನೋದೂ ಗೊತ್ತಿತ್ತು.

ನ್ಯಾಯದ ಸಮಾಜ ಹೇಗಿರುತ್ತೆ ಅಂತ ಕೇಳಿದರೆ ನಾನು ದೊಡ್ಡದೇನೂ ಹೇಳಲಾರೆ. ಬೇಡ ಅನ್ನುವ ಹಕ್ಕು ಬಡವರಿಗೆ ಇರಬೇಕು, ಅವರು ಬೇಡ ಅಂದರೆ ಫೈಲು ನಿಲ್ಲಬೇಕು. ಇದು ಕನಸೇನೂ ಅಲ್ಲ. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 12 ಗ್ರಾಮಸಭೆ ನಡೆದವು. ಬಾಕ್ಸೈಟ್ ಗಣಿ ಬೇಕಾ ಅಂತ ಅಲ್ಲಿನ ಡೋಂಗ್ರಿಯಾ ಕೊಂಧ ಆದಿವಾಸಿ ಜನರನ್ನು ಕೇಳಿದರು. ಹನ್ನೆರಡೂ ಬೇಡ ಅಂದವು. ಗಣಿ ಬರಲಿಲ್ಲ.

ನಮ್ಮ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು 2017ರಲ್ಲಿ ನಿಷೇಧಿಸಿತು. ಸುಮಾರು ಮೂವತ್ತು ವರ್ಷ ಲೇಟು, ಇರಲಿ.

ಸಂಜೆ ಜೆಸಿಬಿ ಹೋದ ಮೇಲೆ ಅಜ್ಜಿ ಆ ಕಡೆಯ ಬಯಲು ತೋರಿಸಿ "ಅದು ಕುರಿಹಟ್ಟಿ ಬಯಲು" ಅಂದರು. ಮಾವನಿಗೆ ಆ ಹೆಸರೇ ಗೊತ್ತಿರಲಿಲ್ಲ, ಅವರು ಸರ್ವೆ ನಂಬರ್ ಹೇಳುತ್ತಾರೆ. ನಿಮ್ಮೂರಿನ ಖರಾಬಿಗೆ ಹಿರಿಯರು ಏನಂತಿದ್ದರು? ಗೊತ್ತಿದ್ದರೆ ಕೆಳಗೆ ಬರೆಯಿರಿ. ಅಜ್ಜಿಗೆ ಓದಿ ಹೇಳುತ್ತೇನೆ.